ಓಢಾದ (ಹಳ್ಳದ) ಬದಿಯ ಮನೆ ಕೊಳ್ಳಬಹುದೇ? ದಿಢೀರ್ ಪ್ರವಾಹದ ಬಗ್ಗೆ ಬಲ್ಲವರು ತಿಳಿಸಿ

ಬಿಬ್ವೇವಾಡಿ ನಿವಾಸಿ, ಪುಣೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾವು ಕಲಬುರಗಿ ಕಡೆಯವರು, ಕೆಲಸದ ನಿಮಿತ್ತ ಪುಣೆಯಲ್ಲಿ ನೆಲೆಸಿದ್ದೇವೆ. ಇಷ್ಟು ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ಸ್ವಂತಕ್ಕೊಂದು ಮನೆ ಮಾಡಿಕೊಳ್ಳುವ ಯೋಚನೆ ನಡೆದಿದೆ. ತಾಯಿಯವರಿಗೆ ಮೊಣಕಾಲು ನೋವು ಇರುವುದರಿಂದ ನೆಲಮಹಡಿಯ ಮನೆಯನ್ನೇ ಹುಡುಕುತ್ತಿದ್ದೇವೆ. ಸಹಕಾರನಗರದ ಬದಿಗೆ ನೋಡಿದ ಒಂದು ಮನೆ ಬೆಲೆಗೂ ಅನುಕೂಲಕ್ಕೂ ಒಪ್ಪುವಂತಿದೆ. ಅದರ ಕಾಂಪೌಂಡಿನ ಹಿಂದೆ ಓಢಾ ಹರಿಯುತ್ತದೆ. ಹರಿಯುತ್ತದೆ ಎಂದರೂ ನಾವು ನೋಡಿದ ದಿನ ಅದರಲ್ಲಿ ಪಾದ ಮುಳುಗುವಷ್ಟು ನೀರೂ ಇರಲಿಲ್ಲ.

ಮನೆ ತೋರಿಸಿದ ದಲ್ಲಾಳಿಯವರು, ಮುಠಾ ನದಿ ಇಲ್ಲಿಂದ ದೂರವಿದೆ, ಧರಣದ (ಅಣೆಕಟ್ಟಿನ) ನೀರು ಬಿಟ್ಟರೂ ಇಲ್ಲಿಗೆ ಬರುವುದಿಲ್ಲ, 2019ರಲ್ಲಿ ಓಢಾ ಉಕ್ಕಿದ್ದು ನೂರು ವರ್ಷಕ್ಕೊಮ್ಮೆ ಆಗುವಂಥದ್ದು ಎಂದು ಹೇಳುತ್ತಾರೆ. ಪತ್ನಿಗೆ ಮನಸ್ಸು ಒಪ್ಪುತ್ತಿಲ್ಲ. ದಿಢೀರ್ ಪ್ರವಾಹ ಎಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆಯೇ ಹೊರತು ಅದು ಹೇಗೆ ಉಂಟಾಗುತ್ತದೆ, ಸಾಮಾನ್ಯ ನೆರೆಗಿಂತ ಅದರ ಅಪಾಯ ಯಾವ ಬಗೆಯಲ್ಲಿ ಬೇರೆ, ನೀರಿಲ್ಲದ ಓಢಾಕ್ಕೆ ಹೆದರುವುದು ಸರಿಯೇ ಎಂಬುದು ನಮಗೆ ಸ್ಪಷ್ಟವಿಲ್ಲ. ಅನುಭವಸ್ಥರು ದಯವಿಟ್ಟು ವಿವರವಾಗಿ ಬರೆಯಬೇಕು.

ನಿವೃತ್ತ ಇಂಜಿನಿಯರ್, ಕೋಥ್ರೂಡ್

ನಿಮ್ಮ ಪತ್ನಿಯವರ ಅಳುಕು ಸಕಾರಣವಾದದ್ದು. ನೀರಾವರಿ ಕೆಲಸದಲ್ಲೇ ಬದುಕು ಸವೆಸಿದವನಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ಮಳೆ ಸುರಿಯಲು ತೊಡಗಿದ ಅಥವಾ ಕಟ್ಟೆಯೊಂದು ಒಡೆದ ಹೊತ್ತಿನಿಂದ ಆರು ಗಂಟೆಯೊಳಗೆ ನೀರು ಉಕ್ಕಿ ಬಂದರೆ ಅದನ್ನು ದಿಢೀರ್ ಪ್ರವಾಹವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆದರೆ ನಮ್ಮ ನಗರದ ಓಢಾಗಳಲ್ಲಿ ಆರು ಗಂಟೆಯ ಮಾತೇ ಇಲ್ಲ, ಗುಡ್ಡದಲ್ಲಿ ಬಿದ್ದ ಮಳೆ ಒಂದು ಗಂಟೆಯೊಳಗೇ ಬಾಗಿಲಿಗೆ ಬಂದು ನಿಲ್ಲಬಹುದು. ಭೀಮಾ ಅಥವಾ ಕೃಷ್ಣೆಯಲ್ಲಿ ನೆರೆ ಬಂದಾಗ ಇಂಥ ಊರಿಗೆ ನಾಳೆ ಸಂಜೆಗೆ ನೀರು ಮುಟ್ಟುತ್ತದೆ ಎಂದು ಹೇಳಲು ಅವಕಾಶವಿರುತ್ತದೆ, ದನಕರು, ದವಸ, ಹಾಸಿಗೆ ಹೊತ್ತು ಗುಡಿಗೋ ಶಾಲೆಗೋ ಹೋಗಲು ಜನರಿಗೆ ಹೊತ್ತು ಸಿಗುತ್ತದೆ. ಓಢಾ ಆ ಹೊತ್ತನ್ನು ಕೊಡುವುದಿಲ್ಲ. ಅದರ ಮುಖ್ಯ ಅಪಾಯ ನೀರಿನ ಒಟ್ಟು ಮೊತ್ತದಲ್ಲಿಲ್ಲ, ಸಮಯದ ಅಭಾವದಲ್ಲಿದೆ. ಇದೊಂದನ್ನು ಅರಿತರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಯಿತು. 100 ಮಿ.ಮೀ. ಮಳೆ ಒಂದು ಚದರ ಕಿಲೋಮೀಟರಿನ ಮೇಲೆ ಬಿದ್ದರೆ 10 ಕೋಟಿ ಲೀಟರ್, ತೂಕದಲ್ಲಿ ಒಂದು ಲಕ್ಷ ಟನ್. ಓಢಾವೊಂದಕ್ಕೆ ನೀರು ಹರಿಸುವ ಗುಡ್ಡ ಮತ್ತು ಬಡಾವಣೆಗಳ ವಿಸ್ತಾರ 10 ಚದರ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅಷ್ಟು ಮಳೆಯಲ್ಲಿ ಅರ್ಧ ಭಾಗ ಎರಡು ಗಂಟೆಯಲ್ಲಿ ಹರಿದು ಬಂದರೂ ಸೆಕೆಂಡಿಗೆ ಸುಮಾರು 70 ಟನ್ ನೀರು ಸಾಗಬೇಕಾಗುತ್ತದೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಒಂದು ಮೋರಿಯಲ್ಲಿ ನೀರು ಭರದಿಂದ ಹರಿದರೂ ಸೆಕೆಂಡಿಗೆ 25 ಟನ್ನಿನ ಆಸುಪಾಸು ಮಾತ್ರ ದಾಟೀತು. ಉಳಿದ ನೀರು ರಸ್ತೆಯ ಮೇಲೆ ಹತ್ತಿ, ಅಂಗಳದಲ್ಲಿ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಮಣ್ಣಿನ ನೆಲ, ಗಿಡಗಂಟಿ, ಹೊಲ ಇದ್ದ ಕಾಲದಲ್ಲಿ ಮಳೆಯ ಒಂದು ಪಾಲು ಇಂಗುತ್ತಿತ್ತು, ಇನ್ನೊಂದು ಪಾಲು ತಡವಾಗಿ ಬರುತ್ತಿತ್ತು. ಈಗ ಕಾತ್ರಜ್ ಗುಡ್ಡದಿಂದ ಕೆಳಕ್ಕೆ ಇಡೀ ಇಳಿಜಾರು ಕಾಂಕ್ರೀಟಾಗಿರುವುದರಿಂದ, ತಗಡಿನ ಮಾಡಿನ ಮೇಲೆ ಬಿದ್ದ ಮಳೆಯಂತೆ, ಬಿದ್ದದ್ದು ಬಿದ್ದಂತೆಯೇ ಕೆಳಗೆ ಬರುತ್ತದೆ.

2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾದಲ್ಲಿ ನಡೆದದ್ದು ಇದೇ. ಕಾತ್ರಜ್ ಗುಡ್ಡದ ಕಡೆ ಭಾರೀ ಮಳೆ ಸುರಿದು, ಅರಣ್ಯೇಶ್ವರ, ಟಾಂಗೇವಾಲಾ ಕಾಲನಿ, ಸಹಕಾರನಗರದ ತಗ್ಗುಗಳಲ್ಲಿ ಜನ ಊಟ ಮುಗಿಸಿ ಮಲಗುವ ಹೊತ್ತಿಗೆ ನೀರು ನುಗ್ಗಿತು. ಗೋಡೆಗಳು ಉರುಳಿದವು, ಕಾರುಗಳು ಒಂದರ ಮೇಲೊಂದು ಬಿದ್ದವು, ಕಟ್ಟಿಹಾಕಿದ್ದ ದನಗಳು ಹಗ್ಗದಲ್ಲೇ ಸತ್ತವು. ನಗರದಲ್ಲೂ ಸುತ್ತಲಿನ ತಾಲ್ಲೂಕುಗಳಲ್ಲೂ ಸೇರಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಮುಠಾ ನದಿಗೂ ಧರಣಕ್ಕೂ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಆದ್ದರಿಂದ ನದಿ ದೂರವಿದೆ ಎಂಬ ದಲ್ಲಾಳಿಯವರ ಮಾತು ನಿಜವಿದ್ದರೂ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ನೂರು ವರ್ಷಕ್ಕೊಮ್ಮೆ ಎಂಬುದನ್ನೂ ಜನ ತಪ್ಪಾಗಿ ತಿಳಿಯುತ್ತಾರೆ. ಮಹಾರಾಷ್ಟ್ರದ ನದಿದಂಡೆಗಳಲ್ಲಿ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು ಗೆರೆ ಎಂದು ಗುರುತಿಸುತ್ತಾರೆ. ಒಮ್ಮೆ ಬಂದುಹೋದರೆ ಇನ್ನು 99 ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಂಭವ ಇದ್ದೇ ಇರುತ್ತದೆ. ನೀವು ಆ ಮನೆಯಲ್ಲಿ 30 ವರ್ಷ ಬಾಳಿದರೆ ಅಂಥದೊಂದು ನೆರೆಯನ್ನು ಕಾಣುವ ಸಂಭವ ನೂರಕ್ಕೆ 26. ನೀಲಿ ಗೆರೆಯ ಮಟ್ಟದ್ದಾದರೆ ನೂರಕ್ಕೆ 70. ಗೃಹಸಾಲ ತೀರುವುದರೊಳಗೆ ಎಂದು ಲೆಕ್ಕ ಹಾಕಿ.

ಕುರ್ಲಾ ನಿವಾಸಿ, ಮುಂಬೈ

ಇಂಜಿನಿಯರ್ ಸಾಹೇಬರು ಹೇಳಿದ ಸಮಯದ ಅಭಾವವನ್ನು 2005ರ ಜುಲೈ 26ರಂದು ನಾವು ಮೈಮೇಲೆ ಕಂಡವರು. ಅಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಿಗೆ 944 ಮಿ.ಮೀ. ಮಳೆ ದಾಖಲಾಯಿತು, ಅದರಲ್ಲಿ 190 ಮಿ.ಮೀ.ಯಷ್ಟು ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯವರೆಗಿನ ಒಂದೇ ಗಂಟೆಯಲ್ಲಿ ಬಿತ್ತು. ಅದೇ ದಿನ ಅದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು 74 ಮಿ.ಮೀ.ಯ ಹತ್ತಿರ. ಫೋರ್ಟ್ ಕಡೆಯ ಕಚೇರಿಗಳಲ್ಲಿದ್ದವರಿಗೆ ಅದು ಮಾಮೂಲಿ ಮಳೆಗಾಲದ ದಿನ. ಅವರು ಕಿಟಕಿಯಿಂದ ಆಕಾಶ ನೋಡಿ, ಹೊರಡೋಣ ಎಂದು ಲೋಕಲ್ ಹತ್ತಿದರು, ಕುರ್ಲಾ, ಸಾಯನ್ ಹತ್ತಿರ ಬರುವಷ್ಟರಲ್ಲಿ ಹಳಿಯೇ ಕಾಣಲಿಲ್ಲ.

ಅಂದು ಮಧ್ಯಾಹ್ನ 4.48 ಮೀಟರ್ ಎತ್ತರದ ಸಮುದ್ರದ ಉಬ್ಬರವೂ ಇತ್ತು. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯಿಂದ ಹುಟ್ಟಿ ಮಾಹಿಮ್ ಖಾಡಿ (ಅಳಿವೆ) ಸೇರುವ ಮೀಠಿ ನದಿಯ ಉದ್ದ ಸುಮಾರು 18 ಕಿ.ಮೀ. ಅಷ್ಟೇ. ಅದರ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಮಣ್ಣು ತುಂಬಿ ಎತ್ತರಿಸಿದ್ದೂ, ವಿಮಾನ ನಿಲ್ದಾಣದ ಬಳಿ ಅದರ ಪಾತ್ರವನ್ನು ತಿರುಗಿಸಿದ್ದೂ ಎಲ್ಲರಿಗೆ ಗೊತ್ತಿರುವ ಸಂಗತಿಗಳು. ಬ್ರಿಟಿಷರ ಕಾಲದ ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿತದಲ್ಲಿರುವಾಗ ಎಂಬ ಲೆಕ್ಕದ ಮೇಲೆ ಕಟ್ಟಿದ್ದರು. ಮೇಲಿನ ನೀರಿಗೆ ಕೆಳಗೆ ದಾರಿಯಿಲ್ಲ, ಕೆಳಗಿನ ಸಮುದ್ರ ಮೇಲಕ್ಕೆ ಒತ್ತುತ್ತಿದೆ.

ನೆಲಮಹಡಿಯ ಮನೆ ನೋಡುತ್ತಿರುವ ನಿಮಗೆ ಒಂದು ವಿಷಯ ಹೇಳಲೇಬೇಕು. ನಮ್ಮ ಚಾಳಿನಲ್ಲಿ (ಸಾಲುಮನೆಗಳಲ್ಲಿ) ನೀರು ಮೊದಲು ಬಂದದ್ದು ಬಾಗಿಲಿನಿಂದ ಅಲ್ಲ. ಹೊಸ್ತಿಲಿಗೆ ಗೋಣಿಚೀಲ ಒತ್ತಿ, ಹಳೆಯ ಸೀರೆ ತುರುಕಿ ನಾವು ಬಾಗಿಲು ಕಾಯುತ್ತಿದ್ದಾಗ, ಹಿಂದಿನ ಬಚ್ಚಲಿನ ಜಾಲರಿಯಿಂದ ಗುಳುಗುಳು ಎಂದು ಕಪ್ಪು ನೀರು ಮೇಲೆದ್ದಿತು, ಆಮೇಲೆ ಶೌಚದ ಪಾತ್ರೆಯಿಂದ. ಹೊರಗಿನ ಮಟ್ಟ ಒಳಗಿನ ನೆಲಕ್ಕಿಂತ ಎತ್ತರವಾದ ಕೂಡಲೇ ಕೊಳವೆಗಳೇ ಒಳಹರಿವಾಗುತ್ತವೆ. ಬಾಗಿಲು ಬಿಗಿಮಾಡಿಕೊಂಡು ಕೂರುವುದು ರಕ್ಷಣೆಯಲ್ಲ. ನಡೆಯಲಾಗದ ಹಿರಿಯರನ್ನು ಮೇಲಿನ ಮಹಡಿಗೆ ಕರೆದೊಯ್ಯಲು ಸಮಯ ಬೇಕು, ಜನ ಬೇಕು, ಬೆಳಕು ಬೇಕು. ಆ ಹೊತ್ತಿಗೆ ವಿದ್ಯುತ್ ಇರುವುದಿಲ್ಲ, ಇದ್ದರೆ ಅದು ಇನ್ನೂ ದೊಡ್ಡ ಅಪಾಯ.

ವಾಕಡ್ ನಿವಾಸಿ, ಪುಣೆ

ಎಲ್ಲರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ಮೇಘಸ್ಫೋಟವಾದರೆ ಯಾವ ನಗರವಾದರೂ ಏನು ಮಾಡೀತು? ಗಂಟೆಗೆ 190 ಮಿ.ಮೀ. ಸುರಿದರೆ ವಿದೇಶದ ನಗರಗಳೂ ಮುಳುಗುತ್ತವೆ. ಎಲ್ಲಕ್ಕೂ ಒತ್ತುವರಿ, ಕಾಂಕ್ರೀಟು ಎಂದು ದೂರುವುದಕ್ಕಿಂತ ಪ್ರಕೃತಿಯ ಮುಂದೆ ನಮ್ಮ ಮಿತಿಯನ್ನು ಒಪ್ಪಿಕೊಳ್ಳುವುದು ಉತ್ತಮವಲ್ಲವೇ? ಇನ್ನು 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾನಗರಿ ಮುಳುಗಿದ್ದು ಖಡಕವಾಸ್ಲಾ ಧರಣದ ನೀರಿನಿಂದ, ಅದು ದಿಢೀರ್ ಪ್ರವಾಹವೆಂದು ಕರೆಸಿಕೊಳ್ಳುವುದೇ ಎಂಬ ಸಂದೇಹವೂ ನನಗಿದೆ.

ನಿವೃತ್ತ ಇಂಜಿನಿಯರ್, ಕೋಥ್ರೂಡ್

ಒಳ್ಳೆಯ ಪ್ರಶ್ನೆ. ಮೊದಲಿಗೆ, ಸುಮಾರು 20–30 ಚದರ ಕಿ.ಮೀ. ಪ್ರದೇಶದಲ್ಲಿ ಗಂಟೆಗೆ 100 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಮೇಘಸ್ಫೋಟ ಎನ್ನುತ್ತದೆ. ಓಢಾ ಉಕ್ಕಲು ಅಷ್ಟು ಮಳೆ ಬೇಕಾಗಿಯೇ ಇಲ್ಲ. ಒಂದು ಮೋರಿಗೆ ಮರದ ದಿಮ್ಮಿ, ಹಾಸಿಗೆ, ಪ್ಲಾಸ್ಟಿಕ್ ಸಿಕ್ಕಿಕೊಂಡು ಕಟ್ಟೆಯಂತಾಗಿ, ಹಿಂದೆ ನಿಂತ ನೀರು ಅದನ್ನು ಒಮ್ಮೆಲೇ ಒಡೆದುಕೊಂಡು ಬಂದರೆ ಸಾಧಾರಣ ಮಳೆಯಲ್ಲೂ ಜೀವಹಾನಿಯಾಗುತ್ತದೆ. ಮಳೆ ಪ್ರಕೃತಿಯದು, ಮೋರಿ ನಮ್ಮದು.

ಎರಡನೆಯದಾಗಿ ಧರಣದ ವಿಷಯ. ಪಾನಶೇತ್, ವರಸಗಾಂವ್, ಟೆಮಘರ್, ಖಡಕವಾಸ್ಲಾ ಈ ನಾಲ್ಕೂ ಧರಣಗಳ ಒಟ್ಟು ಸಾಮರ್ಥ್ಯ 29 ಟಿಎಂಸಿಯ ಹತ್ತಿರವಿದ್ದರೂ, ನಗರದ ನೆತ್ತಿಯ ಮೇಲಿರುವ ಖಡಕವಾಸ್ಲಾದ್ದು ಎರಡು ಟಿಎಂಸಿಗೂ ಕಡಿಮೆ. ಅದು ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದಷ್ಟನ್ನು ಬಿಡಲೇಬೇಕು. 2024ರ ಜುಲೈ 25ರಂದು ಶಿವಾಜಿನಗರದಲ್ಲಿ ಬಿದ್ದದ್ದು 114 ಮಿ.ಮೀ. ಆಸುಪಾಸು, ಆದರೆ ತಾಮ್ಹಿಣಿ ಘಾಟಿನಲ್ಲಿ 500 ಮಿ.ಮೀ.ಗೂ ಹೆಚ್ಚು. ಬಿಡುಗಡೆ 35,000 ಕ್ಯುಸೆಕ್ ದಾಟಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಲೀಟರ್. ನಸುಕಿನಲ್ಲಿ ಎಚ್ಚರಗೊಂಡ ಏಕತಾನಗರಿಯವರಿಗೆ ಪಾರ್ಕಿಂಗಿನಲ್ಲಿ ಎದೆಮಟ್ಟದ ನೀರು ಕಂಡಿತು. ಅವರ ಪಾಲಿಗೆ ಅದು ದಿಢೀರ್ ಪ್ರವಾಹವೇ, ಹೆಸರಿನ ತರ್ಕದಿಂದ ಅಪಾಯ ಬದಲಾಗದು. ಅದೇ ದಿನ ಪುಣೆಯ ಡೆಕ್ಕನ್ ಜಿಮ್ಖಾನಾ ಬಳಿ ನೀರಿನಲ್ಲಿದ್ದ ಕೈಗಾಡಿ ಸರಿಸಲು ಹೋದ ಮೂವರು ಯುವಕರು ಮುಳುಗಿ ಸಾಯಲಿಲ್ಲ, ವಿದ್ಯುತ್ ತಗುಲಿ ಸತ್ತರು.

ಪುಣೆಯವರಿಗೆ ಇದು ಹೊಸದೂ ಅಲ್ಲ. 1961ರ ಜುಲೈ 12ರಂದು, ಇನ್ನೂ ಪೂರ್ಣಗೊಳ್ಳದಿದ್ದ ಪಾನಶೇತ್ ಮಣ್ಣಿನ ಧರಣ ಒಡೆದು, ಅದರ ನೀರಿನ ಒತ್ತಡಕ್ಕೆ ಕೆಳಗಿನ ಖಡಕವಾಸ್ಲಾವೂ ಒಡೆದು, ಹಾಡುಹಗಲೇ ನದಿದಂಡೆಯ ಪೇಟೆಗಳು ಮುಳುಗಿದವು. ಸೈನಿಕರು ಹಿಂದಿನ ರಾತ್ರಿಯೆಲ್ಲ ಮರಳುಚೀಲ ಪೇರಿಸಿ ಧರಣವನ್ನು ಕೆಲ ಗಂಟೆ ಹಿಡಿದು ನಿಲ್ಲಿಸದಿದ್ದರೆ ಅದು ಜನ ಮಲಗಿದ್ದಾಗಲೇ ಒಡೆಯುತ್ತಿತ್ತು. ಆ ಕೆಲವು ಗಂಟೆಗಳು ಎಷ್ಟು ಜೀವ ಉಳಿಸಿದವೆಂದು ಹಳೆಯ ಪುಣೇಕರರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಮನೆ ಕಳೆದುಕೊಂಡವರಿಗೆ ಸಹಕಾರನಗರ, ಗೋಖಲೆನಗರದಂಥ ಎತ್ತರದ ಕಡೆಗಳಲ್ಲಿ ನೆಲೆ ಕಲ್ಪಿಸಲಾಯಿತು. ನದಿಯಿಂದ ಪಾರಾಗಿ ಬಂದವರ ಬಡಾವಣೆಯ ಪಕ್ಕದಲ್ಲೇ 2019ರಲ್ಲಿ ಓಢಾ ಉಕ್ಕಿತೆಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಶಿಕ್ಷಕಿ, ಕಾಣಕೋಣ, ಗೋವಾ

ನಾನು ಧಾರವಾಡ ಜಿಲ್ಲೆಯವಳು, ಗೋವಾದಲ್ಲಿ ಕೆಲಸ. ನದಿಯ ನೆರೆಗೂ ದಿಢೀರ್ ಪ್ರವಾಹಕ್ಕೂ ಇರುವ ಅಂತರವನ್ನು ಒಂದೇ ವಾರದಲ್ಲಿ ಎರಡೂ ಕಡೆ ಕಂಡ ನೆನಪು ನಮಗಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಮಳೆ ಸುರಿದು ಊರಿಗೆ ಊರೇ ದಿನಗಟ್ಟಲೆ ನೀರಿನಲ್ಲಿ ನಿಂತವು, ಮಣ್ಣಿನ ಮನೆಗಳು ನೆನೆದು ನೆನೆದು ಕುಸಿದವು. ಅಕ್ಟೋಬರ್ 2ರಂದು ಇಲ್ಲಿ ಕಾಣಕೋಣದಲ್ಲಿ ತಳ್ಪಣ, ಗಾಲ್ಜಿಬಾಗ್ ನದಿಗಳು ಕೆಲವೇ ಗಂಟೆಗಳಲ್ಲಿ ಉಕ್ಕಿ, ಮನೆ, ಅಂಗಡಿ, ಕುಳಾಗರಗಳನ್ನು (ಅಡಿಕೆ ತೆಂಗಿನ ತೋಟಗಳನ್ನು) ಕೊಚ್ಚಿ, ಸಂಜೆಯಾಗುವಷ್ಟರಲ್ಲಿ ಕೆಸರು ಉಳಿಸಿ ಇಳಿದುಹೋದವು. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಸಮುದ್ರ ಸೇರಲು ಸುಮಾರು 1,400 ಕಿ.ಮೀ. ಹರಿಯುತ್ತಾಳೆ. ಅದೇ ಸಹ್ಯಾದ್ರಿಯ ಪಶ್ಚಿಮಕ್ಕೆ ಇಳಿಯುವ ನಮ್ಮ ಹೊಳೆಗಳಿಗೆ ಕೆಲವೇ ಹತ್ತು ಕಿಲೋಮೀಟರುಗಳ ಓಟ, ಅದೂ ಕಡಿದಾದ ಇಳಿಜಾರಿನಲ್ಲಿ. ಘಟ್ಟದ ಮೇಲೆ ಮೋಡ ಕಪ್ಪಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ದಾಟಬೇಡಿ ಎಂದು ಮಕ್ಕಳಿಗೆ ನಾವು ಕಲಿಸುವುದು ಅದಕ್ಕೇ.

ರಸ್ತೆಯ ವಿಷಯವನ್ನೂ ಸೇರಿಸುತ್ತೇನೆ. 2016ರ ಆಗಸ್ಟ್ 2ರ ರಾತ್ರಿ ಮುಂಬೈ–ಗೋವಾ ಹೆದ್ದಾರಿಯಲ್ಲಿ, ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕೊಚ್ಚಿಹೋಗಿ ಎರಡು ಸರ್ಕಾರಿ ಬಸ್ಸುಗಳು ಜನರ ಸಮೇತ ನದಿಗೆ ಬಿದ್ದವು. ಪ್ರವಾಹದ ನೀರು ಸೇತುವೆಯ ಕಂಬಗಳ ಬುಡದ ಮಣ್ಣನ್ನು ಕಣ್ಣಿಗೆ ಕಾಣದಂತೆ ತೋಡುತ್ತಿರುತ್ತದೆ. ಮೇಲೆ ಡಾಂಬರು ಗಟ್ಟಿಯಾಗಿ ಕಂಡರೂ ಕೆಳಗೆ ಏನು ಉಳಿದಿದೆ ಎಂದು ಚಾಲಕನಿಗೆ ತಿಳಿಯುವುದಿಲ್ಲ. ಊರಿಗೆ ಹೋಗುವ ಅವಸರದಲ್ಲಿ ಮುಳುಗಿದ ಸೇತುವೆಯನ್ನು ದಾಟುವವರು ದಯಮಾಡಿ ಇದನ್ನು ಓದಬೇಕು.

ಚಾರಣಿಗ, ಪಿಂಪ್ರಿ

ಟೀಚರ್ ಹೇಳಿದ ಬಿಸಿಲಿನ ಮಾತು ಲೋಣಾವಳಕ್ಕೂ ತಾಮ್ಹಿಣಿಗೂ ಅಷ್ಟೇ ಸಲ್ಲುತ್ತದೆ. 2024ರ ಜೂನ್ 30ರಂದು ಲೋಣಾವಳದ ಭುಶಿ ಧರಣದ ಹಿಂಬದಿಯ ಜಲಪಾತದಲ್ಲಿ ಮಕ್ಕಳೂ ಸೇರಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಬಂಡೆಯ ಮೇಲೆ ಒಬ್ಬರನ್ನೊಬ್ಬರು ಅಪ್ಪಿ ನಿಂತ ಅವರ ದೃಶ್ಯವನ್ನು ದೇಶವೆಲ್ಲ ನೋಡಿತು. ದಡ ಹತ್ತಿರದಲ್ಲೇ ಇತ್ತು, ಜನರೂ ಇದ್ದರು, ಆದರೂ ಯಾರಿಂದಲೂ ಏನೂ ಮಾಡಲಾಗಲಿಲ್ಲ. ನೀರಿನ ವೇಗ ಎರಡರಷ್ಟಾದರೆ ಅದು ಮೈಗೆ ಒಡ್ಡುವ ಬಲ ನಾಲ್ಕರಷ್ಟಾಗುತ್ತದೆ. ಭರದಿಂದ ಹರಿಯುವ ಹದಿನೈದು ಸೆಂಟಿಮೀಟರ್ ನೀರು ದೊಡ್ಡವರ ಕಾಲನ್ನೂ ತಪ್ಪಿಸಬಲ್ಲದು, ಪಾಚಿಗಟ್ಟಿದ ಬಂಡೆಯ ಮೇಲಂತೂ ಹೇಳುವುದೇ ಬೇಡ.

ನೀರು ಬರುವ ಮುನ್ನ ಕೆಲವು ಸೂಚನೆಗಳು ಸಿಗುತ್ತವೆ, ಕೆಲವೇ ನಿಮಿಷಗಳ ಮಟ್ಟಿಗೆ. ತಿಳಿಯಾಗಿದ್ದ ನೀರು ಒಮ್ಮೆಲೇ ಕೆಂಪಾಗುವುದು, ಕಡ್ಡಿ, ತರಗೆಲೆ, ನೊರೆ ತೇಲಿಬರುವುದು, ಮೇಲಿನ ಕಣಿವೆಯಿಂದ ಗುಡುಗಿನಂಥ ನಿರಂತರ ಸದ್ದು ಕೇಳುವುದು, ಕಾರಣವಿಲ್ಲದೆ ನೀರಿನ ಮಟ್ಟ ಏರುವುದು ಅಥವಾ ತಟ್ಟನೆ ಇಳಿಯುವುದು. ಇಳಿದರೆ ಸಂತೋಷಪಡಬಾರದು, ಮೇಲೆ ಎಲ್ಲೋ ಏನೋ ಅಡ್ಡಗಟ್ಟಿ ನಿಂತಿರಬಹುದು. ಆಗ ಚೀಲ, ಚಪ್ಪಲಿ, ಫೋನ್ ಹುಡುಕುತ್ತ ನಿಲ್ಲದೆ ಪಕ್ಕದ ಏರನ್ನು ಹತ್ತಬೇಕು. ಹೊಳೆಯ ಜಾಡಿನಲ್ಲೇ ಕೆಳಕ್ಕೆ ಓಡುವುದು ಪ್ರಯೋಜನವಿಲ್ಲ. ಧರಣದ ಕೆಳಗಿನ ನದಿಯಲ್ಲಂತೂ ಮಳೆಯೇ ಬೇಕಿಲ್ಲ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ವಿದ್ಯಾರ್ಥಿಗಳು ಸತ್ತದ್ದು ಲಾರ್ಜಿ ಧರಣದಿಂದ ಬಿಟ್ಟ ನೀರಿನಿಂದ.

ಗ್ಯಾರೇಜ್ ನಡೆಸುವವನು, ಹಡಪ್ಸರ್

ಪ್ರತಿ ಮಳೆಗಾಲದಲ್ಲಿ ನೀರು ಹೊಕ್ಕ ಗಾಡಿಗಳು ನನ್ನ ಬಳಿ ಬರುತ್ತವೆ, ಆದ್ದರಿಂದ ಕಾರಿನ ಮಟ್ಟಿಗೆ ಎರಡು ಮಾತು. ಕಾರು ಭಾರವಾಗಿರುವುದರಿಂದ ನೀರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಸಣ್ಣ ಕಾರಿನ ತೂಕ 900 ಕಿಲೋ ಆಸುಪಾಸು, ತಳದ ವಿಸ್ತಾರ ಆರು ಚದರ ಮೀಟರಿಗೆ ಹತ್ತಿರ. ತಳವನ್ನು ಮುಟ್ಟಿದ ಮೇಲೆ ನೀರು ಏರುವ ಒಂದೊಂದು ಸೆಂಟಿಮೀಟರಿಗೂ ಸುಮಾರು 60 ಕಿಲೋದಷ್ಟು ಭಾರವನ್ನು ಅದು ಎತ್ತುತ್ತದೆ. ಹದಿನೈದು ಸೆಂಟಿಮೀಟರ್ ಏರಿತೆಂದರೆ ಚಕ್ರಕ್ಕೆ ನೆಲದ ಹಿಡಿತವೇ ಇಲ್ಲ. ನೆಲದಿಂದ ಲೆಕ್ಕ ಹಾಕಿದರೆ ಅದು ಮೊಣಕಾಲಿಗಿಂತ ಕೆಳಗಿನ ನೀರು. ಆಮೇಲೆ ಗಾಡಿ ಎಲ್ಲಿಗೆ ಹೋಗಬೇಕೆಂಬುದನ್ನು ಸ್ಟಿಯರಿಂಗ್ ನಿರ್ಧರಿಸುವುದಿಲ್ಲ.

2005ರಲ್ಲಿ ಮುಂಬೈಯಲ್ಲಿ ಹಲವರು ಕಾರಿನೊಳಗೇ ಉಸಿರುಗಟ್ಟಿ ಸತ್ತರು. ನೀರು ಹೊಕ್ಕು ಸೆಂಟ್ರಲ್ ಲಾಕ್ ಮತ್ತು ಪವರ್ ವಿಂಡೋ ಕೆಟ್ಟರೆ, ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ನೀರಿನಲ್ಲಿ ಎಂಜಿನ್ ನಿಂತಿತೆಂದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತ ಕೂರಬೇಡಿ, ಕಿಟಕಿ ಕೆಲಸ ಮಾಡುತ್ತಿರುವಾಗಲೇ ಇಳಿಸಿ ಹೊರಗೆ ಬನ್ನಿ. ಒಡೆಯಬೇಕಾದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ, ಮುಂದಿನ ಗಾಜು ಪದರದ್ದು, ಒಡೆದು ಬೀಳುವುದಿಲ್ಲ. ಬೇಸ್‌ಮೆಂಟಿನಿಂದ ಗಾಡಿ ತೆಗೆಯಲು ನೀರು ಇಳಿಯುತ್ತಿರುವ ರ‍್ಯಾಂಪಿನಲ್ಲಿ ಇಳಿಯಲೇಬೇಡಿ. ಗಾಡಿಗೆ ವಿಮೆ ಇರುತ್ತದೆ.

ಗೃಹಿಣಿ, ಸಹಕಾರನಗರ

ಎಲ್ಲರೂ ಮನೆ ಕೊಳ್ಳುವವರ ದೃಷ್ಟಿಯಿಂದಲೇ ಬರೆದಿದ್ದೀರಿ. ಓಢಾದ ದಂಡೆಯ ವಸ್ತಿಯಲ್ಲಿ, ಅಂದರೆ ಬಡವರ ಕೇರಿಯಲ್ಲಿ, ಬಾಡಿಗೆಗಿರುವವರಿಗೆ ಆಯ್ಕೆ ಎಂಬುದೇ ಇಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ವಿಜಯಪುರ ಜಿಲ್ಲೆಯವರು. ಅವರ ಓಣಿಯಲ್ಲಿ ಅರ್ಧಕ್ಕರ್ಧ ಕನ್ನಡದವರೇ ಇದ್ದಾರೆ. ಹವಾಮಾನದ ಎಚ್ಚರಿಕೆ ಅವರ ಫೋನಿಗೂ ಬರುತ್ತದೆ, ಆದರೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬಂದದ್ದನ್ನು ಓದಲು ಶಾಲೆಗೆ ಹೋಗುವ ಮಗಳೇ ಬೇಕು, ರಾತ್ರಿ ಹತ್ತಕ್ಕೆ ಆ ಮಗು ಮಲಗಿರುತ್ತದೆ. ಓದಿಸಿಕೊಂಡರೂ, ಕೆಂಪು ಎಚ್ಚರಿಕೆ ಇಡೀ ಜಿಲ್ಲೆಗೆ ಕೊಟ್ಟದ್ದು. ಎಷ್ಟೋ ಸಲ ಅವರ ಓಣಿಯಲ್ಲಿ ಏನೂ ಆಗದೆ ಹೋಗಿರುವುದರಿಂದ ಕೆಲಸ ಬಿಟ್ಟು, ಸಾಮಾನು ಬಿಟ್ಟು ಹೊರಡಲು ಮನಸ್ಸು ಬರುವುದಿಲ್ಲ. ಸಾಮಾನು ಬಿಟ್ಟು ಹೋದರೆ ಕಳುವಿನ ಭಯವೂ ಇದೆ.

ಇದಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಕಾತ್ರಜ್ ಕಡೆ ಇರುವ ಪರಿಚಿತರೊಬ್ಬರು ಅಲ್ಲಿ ಜೋರು ಮಳೆಯಾದ ಕೂಡಲೇ ನಮಗೆ ಫೋನ್ ಮಾಡುತ್ತಾರೆ. ನಾವು ವಸ್ತಿಯ ಇಬ್ಬರಿಗೆ ಮಾಡುತ್ತೇವೆ. ಅವರು ಬಾಗಿಲು ಬಡಿಯುತ್ತಾರೆ. ರೇಶನ್ ಕಾರ್ಡ್, ಆಧಾರ್, ಶಾಲೆಯ ದಾಖಲೆ, ಔಷಧಿ ಇಷ್ಟನ್ನು ಮಳೆಗಾಲವಿಡೀ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮೇಲಿನ ಮೊಳೆಗೆ ತೂಗಿಹಾಕಲು ಹೇಳಿದ್ದೇವೆ. ಗ್ಯಾಸ್ ಸಿಲಿಂಡರ್ ತೇಲಿಹೋಗದಂತೆ ಕಿಟಕಿಯ ಸರಳಿಗೆ ಸರಪಳಿ ಹಾಕಿಸಿದ್ದೇವೆ. ದೊಡ್ಡ ಯಂತ್ರೋಪಕರಣಗಳ ಜೊತೆಗೆ ಮೇಲಿನವರು ಕೆಳಗಿನವರಿಗೆ ಫೋನ್ ಮಾಡುವ ಇಂಥ ಸಣ್ಣ ಏರ್ಪಾಡು ಪ್ರತಿ ಓಢಾಕ್ಕೂ ಇರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನರ್ಸ್, ಸಾಯನ್, ಮುಂಬೈ

ನೀರು ಇಳಿದ ಮೇಲಿನ ಅಪಾಯವನ್ನು ಯಾರೂ ಪ್ರಸ್ತಾಪಿಸಲಿಲ್ಲ. ಇಲಿಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ ಲೆಪ್ಟೊಸ್ಪೈರೋಸಿಸ್ ಬರುತ್ತದೆ. 2005ರ ಪ್ರವಾಹದ ನಂತರದ ವಾರಗಳಲ್ಲಿ ಮುಂಬೈಯಲ್ಲಿ ಅದು ಹರಡಿತ್ತು. ನೆರೆನೀರಿನಲ್ಲಿ ನಡೆದವರು ಸೋಪಿನಿಂದ ಕಾಲು ತೊಳೆದು, 72 ಗಂಟೆಯೊಳಗೆ ವೈದ್ಯರನ್ನು ಕಂಡು ತಡೆಮದ್ದಿನ ಬಗ್ಗೆ ಕೇಳಬೇಕು. ಮುಂದಿನ ಎರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೀರಿನಲ್ಲಿ ನಡೆದದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮುಚ್ಚಳ ತೆರೆದ ಮ್ಯಾನ್‌ಹೋಲ್‌ಗಳ ಬಗ್ಗೆಯೂ ಎಚ್ಚರ. 2017ರ ಆಗಸ್ಟ್ 29ರಂದು ಮುಂಬೈಯ ಹಿರಿಯ ವೈದ್ಯರೊಬ್ಬರು ಮನೆಗೆ ನಡೆದು ಹೋಗುತ್ತಿದ್ದಾಗ ಹಾಗೆಯೇ ಬಿದ್ದು ತೀರಿಕೊಂಡರು. ಮುಂಬೈಯಲ್ಲಿ ಪಾಲಿಕೆಯ ವಿಪತ್ತು ಸಹಾಯವಾಣಿ 1916, ಎಲ್ಲೆಡೆ ತುರ್ತಿಗೆ 112.

ಬಿಬ್ವೇವಾಡಿ ನಿವಾಸಿ, ಪುಣೆ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ನಾವಿಬ್ಬರೂ ಋಣಿ. ನಿನ್ನೆ ಸಂಜೆ ಮತ್ತೊಮ್ಮೆ ಆ ಮನೆಗೆ ಹೋಗಿ, ಈ ಸಲ ಮನೆಯೊಳಗೆ ಹೋಗದೆ ಹಿಂದಿನ ಓಢಾದ ಉದ್ದಕ್ಕೂ ನಡೆದೆವು. ಕೆಳಗಿನ ಮೋರಿಗೆ ಅಡ್ಡಲಾಗಿ ನೀರಿನ ದಪ್ಪ ಪೈಪೊಂದು ಹಾದುಹೋಗಿದೆ. ಅದಕ್ಕೆ ಸುತ್ತಿಕೊಂಡ ಹರಕು ಬಟ್ಟೆ, ಪ್ಲಾಸ್ಟಿಕ್ ಚೀಲ, ಒಣಹುಲ್ಲಿನ ಗಂಟುಗಳು ನನ್ನ ತಲೆಗಿಂತ ಮೇಲೆ ತೂಗುತ್ತಿದ್ದವು. ನಾನು ಕೆಳಗೆ ಪಾತ್ರದಲ್ಲಿ ನಿಂತಿದ್ದೆ. ಪತ್ನಿ ದಂಡೆಯ ಮೇಲಿಂದ ನೋಡಿ, ಆ ಗಂಟುಗಳ ಮಟ್ಟ ನೇರವಾಗಿ ಮನೆಯ ಅಡುಗೆಕಟ್ಟೆಯ ಮಟ್ಟಕ್ಕೆ ಬರುತ್ತದೆ ಎಂದಳು. ಹಿಂದಿನ ಕಾಂಪೌಂಡ್ ಗೋಡೆಯ ಕಲ್ಲುಗಳಲ್ಲಿ ಒಂದು ಇಡೀ ಭಾಗವೇ ಬೇರೆ ಬಣ್ಣದ್ದು. ನೆರೆಮನೆಯ ಅಜ್ಜಿಯವರನ್ನು ಕೇಳಿದಾಗ, ಅದು ಬಿದ್ದು ಮತ್ತೆ ಕಟ್ಟಿದ್ದು ಎಂದರು.

ಆ ಮನೆಯನ್ನು ಬಿಟ್ಟಿದ್ದೇವೆ. ಲಿಫ್ಟ್ ಇರುವ ಕಟ್ಟಡದಲ್ಲಿ ಮೊದಲ ಮಹಡಿಯನ್ನು ನೋಡುತ್ತಿದ್ದೇವೆ. ಅಲ್ಲಿ ಓಢಾ ಹತ್ತಿರವಿಲ್ಲ, ಆದರೆ ಸೊಸೈಟಿಯ ಹಿಂದೆ ಎತ್ತರದ ಜಾಗವಿದ್ದು ಉದ್ದನೆಯ ತಡೆಗೋಡೆಯಿದೆ, ಬೇಸ್‌ಮೆಂಟೂ ಇದೆ. ಅದರಲ್ಲಿ ಏನನ್ನು ನೋಡಬೇಕೆಂದು ಇಂಜಿನಿಯರ್ ಸಾಹೇಬರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಇಂಜಿನಿಯರ್, ಕೋಥ್ರೂಡ್

ಪೈಪಿಗೆ ಸಿಕ್ಕಿದ ಹುಲ್ಲಿನ ಗಂಟನ್ನು ನೋಡಿದ್ದು ಬಹಳ ಒಳ್ಳೆಯದಾಯಿತು, ನೆರೆಯ ಮಟ್ಟ ಅಳೆಯಲು ನಾವೂ ಹಾಗೆಯೇ ಹುಡುಕುತ್ತಿದ್ದೆವು.

ತಡೆಗೋಡೆಯ ತಳದಲ್ಲಿ ಸಾಲಾಗಿ ನೀರು ಬಸಿಯುವ ರಂಧ್ರಗಳಿರಬೇಕು, ಅವುಗಳ ಬಾಯಿ ಸಿಮೆಂಟಿನಿಂದಲೋ ಮಣ್ಣಿನಿಂದಲೋ ಮುಚ್ಚಿರಬಾರದು. ಹಿಂದೆ ನಿಂತ ನೀರು ಗೋಡೆಯನ್ನು ತಳ್ಳುತ್ತದೆ, ಗೋಡೆ ಮುನ್ಸೂಚನೆಯಿಲ್ಲದೆ ಬೀಳುತ್ತದೆ. 2019ರ ಜೂನ್ 29ರ ನಸುಕಿನಲ್ಲಿ ಕೊಂಢ್ವಾದಲ್ಲಿ ಸೊಸೈಟಿಯೊಂದರ ಗೋಡೆ ಕಾರ್ಮಿಕರ ಜೋಪಡಿಗಳ ಮೇಲೆ ಬಿದ್ದು 15 ಜನ ಸತ್ತರು. ಗೋಡೆಯ ಕೆಳಗೆ ಯಾರಾದರೂ ವಾಸವಿದ್ದಾರೆಯೇ ಎಂದು ನೋಡಿ, ಇದ್ದರೆ ಮನೆ ಕೊಂಡರೂ ಕೊಳ್ಳದಿದ್ದರೂ ಸೊಸೈಟಿಯ ಸೆಕ್ರೆಟರಿಯವರಿಗೆ ಹೇಳಿ.

ಬೇಸ್‌ಮೆಂಟಿನ ರ‍್ಯಾಂಪ್ ರಸ್ತೆಯ ಮಟ್ಟದಿಂದ ಮೊದಲು ಸ್ವಲ್ಪ ಏರಿ ಆಮೇಲೆ ಇಳಿಯುವಂತಿರಬೇಕು. ಮೀಟರ್ ಬೋರ್ಡ್ ಬೇಸ್‌ಮೆಂಟಿನಲ್ಲಿದ್ದರೆ ಮೇಲಕ್ಕೆ ಸ್ಥಳಾಂತರಿಸಲು ಕೇಳಿ. ಲಿಫ್ಟನ್ನು ನೆರೆಯ ಹೊತ್ತಿನಲ್ಲಿ ನಂಬುವಂತಿಲ್ಲ, ಅದರ ಗುಂಡಿಗೆ ಮೊದಲು ನೀರು ಬರುತ್ತದೆ. ಮೊದಲ ಮಹಡಿಯಾದ್ದರಿಂದ ತಾಯಿಯವರು ಇದ್ದಲ್ಲೇ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬೇಸ್‌ಮೆಂಟಿನಲ್ಲಿ ರಾತ್ರಿ ಯಾರು ಮಲಗುತ್ತಾರೆಂದು ವಿಚಾರಿಸಿ. 2024ರ ಜುಲೈ 27ರಂದು ದೆಹಲಿಯ ಹಳೆ ರಾಜೇಂದ್ರನಗರದಲ್ಲಿ ನೀರು ನುಗ್ಗಿದ ಬೇಸ್‌ಮೆಂಟಿನಲ್ಲಿ ಮೂವರು ವಿದ್ಯಾರ್ಥಿಗಳು ಸತ್ತರು, ಅವರು ಎಚ್ಚರವಾಗಿಯೇ ಇದ್ದವರು. ನಮ್ಮ ಅನೇಕ ಸೊಸೈಟಿಗಳಲ್ಲಿ ವಾಚ್‌ಮನ್ ಹಾಗೂ ಅವರ ಹೆಂಡತಿ ಮಕ್ಕಳು ಪಂಪಿನ ಕೋಣೆಯ ಪಕ್ಕದಲ್ಲಿ ಮಲಗುತ್ತಾರೆ. ಅವರಿಗೆ ಮಳೆಗಾಲದ ಮಟ್ಟಿಗಾದರೂ ಮೇಲೆ ಒಂದು ಕೋಣೆ ಕೊಡಬೇಕೆಂದು ಮೊದಲ ಸಭೆಯಲ್ಲೇ ಕೇಳಿ. ನಮ್ಮ ಸೊಸೈಟಿಯಲ್ಲಿ ಕ್ಲಬ್‌ಹೌಸಿನ ಹಿಂದಿನ ಕೋಣೆಯನ್ನು ಖಾಲಿ ಮಾಡಿ ಕೊಟ್ಟಿದ್ದೇವೆ. ಆ ಠರಾವಿನ ಪ್ರತಿ ಬೇಕಾದರೆ ಕಳಿಸುತ್ತೇನೆ, ಮರಾಠಿಯಲ್ಲಿದೆ, ಹೆಸರು ಬದಲಿಸಿ ಹಾಗೆಯೇ ಬಳಸಬಹುದು.